ಐದನೇ ಸೆಟ್‌ಗೆ ಹೋಗುವ ಟೆನಿಸ್ ಪಂದ್ಯವನ್ನು ಎದ್ದು ಹೋಗದೆ ನೋಡುವುದು ಹೇಗೆ

2025ರ ಜೂನ್ 8, ಫ್ರೆಂಚ್ ಓಪನ್ ಫೈನಲ್. ಮೊದಲ ಎರಡು ಸೆಟ್ ಯಾನಿಕ್ ಸಿನ್ನರ್ ಗೆದ್ದಾಗಿತ್ತು. ಮೂರನೆಯದು ಕಾರ್ಲೊಸ್ ಅಲ್ಕರಾಜ್‌ಗೆ ಬಂತು. ನಾಲ್ಕನೇ ಸೆಟ್‌ನಲ್ಲಿ ಸಿನ್ನರ್ 5-3 ಮುಂದೆ, ಸರ್ವ್ ಅಲ್ಕರಾಜ್‌ದು, ಸ್ಕೋರ್ 0-40 (ಸರ್ವ್ ಮಾಡುವವರ ಅಂಕ ಮೊದಲು). ಅಂದರೆ ಒಂದಲ್ಲ, ಎರಡಲ್ಲ, ಮೂರು ಚಾಂಪಿಯನ್‌ಷಿಪ್ ಪಾಯಿಂಟ್, ಒಂದು ಗೆದ್ದರೂ ಪ್ರಶಸ್ತಿ ಸಿನ್ನರ್‌ಗೆ. ನಾನು ಅಲ್ಕರಾಜ್ ಗೆಲ್ಲಲಿ ಅಂತ ಕೂತಿದ್ದವನು. ಅವನು ಸೋಲುವುದನ್ನು ನೋಡೋಕೆ ಮನಸ್ಸು ಬರಲಿಲ್ಲ. ಟಿವಿ ಆಫ್ ಮಾಡಿ ಎದ್ದುಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಫೋನ್‌ನಲ್ಲಿ ಸ್ಕೋರ್ ನೋಡಿದರೆ 5-5.

ಓಡಿ ಬಂದು ಮತ್ತೆ ಹಾಕಿದೆ. ಉಳಿದದ್ದೆಲ್ಲ ನೋಡಿದೆ. 5 ಗಂಟೆ 29 ನಿಮಿಷ ನಡೆದ ಪಂದ್ಯ ಅದು, ಆ ಟೂರ್ನಿಯಲ್ಲಿ ಅಷ್ಟು ಉದ್ದದ ಫೈನಲ್ ಹಿಂದೆ ನಡೆದಿರಲಿಲ್ಲ, ಕೊನೆಗೆ ಗೆದ್ದವನು ಅಲ್ಕರಾಜೇ. ಆದರೆ ಆ ಮೂರು ಪಾಯಿಂಟ್ ನನಗೆ ಸಿಗಲಿಲ್ಲ. ಆಮೇಲೆ ರೆಕಾರ್ಡಿಂಗ್ ನೋಡಿದೆ, ಎಷ್ಟೋ ಸಲ ನೋಡಿದೆ. ಏನಾಗುತ್ತದೆ ಅಂತ ಗೊತ್ತಿರುವ ಪಾಯಿಂಟ್‌ಗೆ ಎದೆ ಹೊಡೆದುಕೊಳ್ಳುವುದಿಲ್ಲ.

ಇದನ್ನು ಬರೆಯುತ್ತಿರುವುದು ಅದಕ್ಕೇ. ನಿಮಗೆ ಹೀಗಾಗಬಾರದು. ಎದ್ದು ಹೋಗುವುದಕ್ಕೆ ಟೆನ್ಷನ್ ಒಂದೇ ಕಾರಣ ಅಲ್ಲ. ಏನು ನೋಡಬೇಕು ಅಂತ ಗೊತ್ತಿಲ್ಲದಿದ್ದರೆ ಎಲ್ಲ ಪಾಯಿಂಟ್‌ಗೂ ಒಂದೇ ಸಮ ಗಾಬರಿಯಾಗಿ, ಮೂರನೇ ಸೆಟ್ ಹೊತ್ತಿಗೆ ಮನಸ್ಸು ಸುಸ್ತಾಗಿರುತ್ತದೆ. ಯಾವಾಗ ಉಸಿರು ಬಿಗಿ ಹಿಡಿಯಬೇಕು, ಯಾವಾಗ ಆರಾಮಾಗಿ ಕೂರಬೇಕು ಅಂತ ತಿಳಿದರೆ ಐದು ಗಂಟೆ ಹೇಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಟೆನಿಸ್‌ನಲ್ಲಿ ಗಡಿಯಾರ ಇಲ್ಲ. ಫುಟ್‌ಬಾಲ್‌ನಲ್ಲಿ ಎರಡು ಗೋಲು ಮುಂದಿದ್ದವರು ಚೆಂಡನ್ನು ಸುಮ್ನೆ ಆಚೀಚೆ ಒದೆಯುತ್ತಾ ಸಮಯ ಕಳೆಯಬಹುದು. ಇಲ್ಲಿ ಆ ದಾರಿಯೇ ಇಲ್ಲ, ಎಷ್ಟೇ ಮುಂದಿದ್ದರೂ ಕೊನೆಯ ಪಾಯಿಂಟನ್ನು ಆಡಿಯೇ ಗೆಲ್ಲಬೇಕು. ಹಾಗಾಗಿ "ಇನ್ನೇನು ಮುಗಿಯಿತು" ಅನ್ನುವ ಮಾತು ಈ ಆಟಕ್ಕೆ ಹೊಂದುವುದಿಲ್ಲ.

ಶುರುವಾಗುವ ಮೊದಲು

ಇದು ಜಾಸ್ತಿ ಕೆಲಸ ಅಲ್ಲ. ಯಾವ ಅಂಕಣ, ಎಷ್ಟು ಸೆಟ್, ಕೊನೆಯ ಸೆಟ್ 6-6 ಆದರೆ ಏನು, ಇಷ್ಟು ತಿಳಿದಿದ್ದರೆ ಸಾಕು.

ಹುಲ್ಲಿನ ಅಂಕಣದಲ್ಲಿ ಚೆಂಡು ಕೆಳಗೇ ಜಾರಿಕೊಂಡು ವೇಗವಾಗಿ ಹೋಗುತ್ತದೆ, ಸರ್ವ್ ಮಾಡುವವರಿಗೆ ಲಾಭ. ಅಲ್ಲಿ ಒಂದು ಬ್ರೇಕ್ (ಎದುರಿನವರು ಸರ್ವ್ ಮಾಡುವ ಗೇಮ್ ಗೆಲ್ಲುವುದು) ಸಿಕ್ಕರೆ ಸೆಟ್ ಅರ್ಧ ಗೆದ್ದ ಹಾಗೆ. ಆವೆಮಣ್ಣಿನಲ್ಲಿ ಚೆಂಡು ನಿಧಾನವಾಗಿ, ಮೇಲೆದ್ದು ಬರುತ್ತದೆ, ರಿಟರ್ನ್ ಮಾಡುವವರಿಗೂ ಸಮಯ ಸಿಗುತ್ತದೆ. ಹೀಗಾಗಿ ಅಲ್ಲಿ 3-1 ಅಂತ ಕಂಡರೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ. ಅದೇ 3-1 ವಿಂಬಲ್ಡನ್‌ನಲ್ಲಿ ಕಂಡರೆ ಹಿಂದಿರುವವರ ಅಭಿಮಾನಿಗಳಿಗೆ ನಿಜವಾಗಿ ಕಷ್ಟ.

ಗ್ರ್ಯಾನ್‌ಸ್ಲಾಂ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಪುರುಷರದ್ದು ಐದು ಸೆಟ್‌ನ ಪಂದ್ಯ (ಮೂರು ಗೆದ್ದವರಿಗೆ ಗೆಲುವು), ಮಹಿಳೆಯರದ್ದು ಮೂರು ಸೆಟ್‌ನದ್ದು (ಎರಡು ಗೆದ್ದವರಿಗೆ). ಮೂರು ಸೆಟ್‌ನ ಪಂದ್ಯವನ್ನು ಹಗುರವಾಗಿ ನೋಡುವವರಿದ್ದಾರೆ, ಅದು ತಪ್ಪು. ಅಲ್ಲಿ ಸುಧಾರಿಸಿಕೊಳ್ಳಲು ಜಾಗ ಕಡಿಮೆ, ಬಿಗಿ ಬೇಗ ಶುರುವಾಗುತ್ತದೆ. 2025ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಇಗಾ ಶ್ವಾಂಟೆಕ್‌ಗೆ ಮೂರನೇ ಸೆಟ್‌ನಲ್ಲಿ ಮ್ಯಾಚ್ ಪಾಯಿಂಟ್ ಸಿಕ್ಕಿತ್ತು. ಮ್ಯಾಡಿಸನ್ ಕೀಸ್ ಅದನ್ನು ಉಳಿಸಿಕೊಂಡು, ಸೆಟ್ 6-6 ಆದಾಗ ತೀರ್ಮಾನಕ್ಕೆ ಆಡುವ ಟೈಬ್ರೇಕ್‌ನಲ್ಲಿ 10-8ರಿಂದ ಗೆದ್ದಳು. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಅರಿನಾ ಸಬಲೆಂಕಾಳನ್ನೂ ಸೋಲಿಸಿದಳು. ಆ ಒಂದು ಪಾಯಿಂಟ್ ಆಚೆ ಬಿದ್ದಿದ್ದರೆ ಅವಳು ಫೈನಲ್‌ನಲ್ಲೇ ಇರುತ್ತಿರಲಿಲ್ಲ.

ಕೊನೆಯ ಸೆಟ್‌ನ ನಿಯಮ ಈಗ ನಾಲ್ಕೂ ಗ್ರ್ಯಾನ್‌ಸ್ಲಾಂನಲ್ಲಿ ಒಂದೇ. 2022ರಿಂದ 6-6 ಆದರೆ ಹತ್ತು ಪಾಯಿಂಟ್‌ನ ಟೈಬ್ರೇಕ್, ಎರಡು ಪಾಯಿಂಟ್ ಅಂತರ ಬೇಕು. ಮೊದಲು ಹೀಗಿರಲಿಲ್ಲ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದ್ದರು. ಐದನೇ ಸೆಟ್ 70-68. ಸ್ಕೋರ್ ಬೋರ್ಡೇ 47-47ಕ್ಕೆ ನಿಂತುಹೋಗಿತ್ತು. ಈಗ ಅಷ್ಟು ದೂರ ಹೋಗುವುದಿಲ್ಲ. ಆದರೂ ಐದು ಗಂಟೆ ಅಂತ ಲೆಕ್ಕ ಹಾಕಿಕೊಂಡೇ ಕೂರಿ. ನಿಮ್ಮ ಕಡೆ ಮಧ್ಯರಾತ್ರಿ ಬರುವ ಪಂದ್ಯವಾದರೆ ಸಂಜೆಯೇ ಸ್ವಲ್ಪ ಮಲಗಿ ಎದ್ದುಬಿಡಿ. ನಾಲ್ಕನೇ ಸೆಟ್‌ನಲ್ಲಿ ಕಣ್ಣು ಎಳೆಯುವುದು ಅಂದರೆ ಇಡೀ ಊಟ ಬಡಿಸಿದ ಮೇಲೆ ಎಲೆ ಬಿಟ್ಟು ಎದ್ದ ಹಾಗೆ.

ಇನ್ನೊಂದು. ಯಾರಾದರೂ ಒಬ್ಬರ ಕಡೆ ಸೇರಿಕೊಳ್ಳಿ. ಇಬ್ಬರ ಪರಿಚಯವೂ ಇಲ್ಲ ಅಂದರೆ ಮೊದಲ ನಾಲ್ಕು ಗೇಮ್ ನೋಡಿ, ಯಾರ ಆಟ ಕಣ್ಣಿಗೆ ಹಿಡಿಯುತ್ತದೋ ಅವರ ಕಡೆ ಆಗಿ. ದೂರ ನಿಂತು ನೋಡಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ಎದೆ ಢವಢವ ಅನ್ನಬೇಕಾದರೆ ಕಳೆದುಕೊಳ್ಳುವುದಕ್ಕೆ ಏನಾದರೂ ಇರಬೇಕು.

ಯಾವ ಪಾಯಿಂಟ್‌ಗೆ ಉಸಿರು ಹಿಡಿಯಬೇಕು

ಇಡೀ ವಿಷಯ ಇರುವುದೇ ಇಲ್ಲಿ. ಟೆನಿಸ್‌ನಲ್ಲಿ ಎಲ್ಲ ಪಾಯಿಂಟ್‌ಗೂ ಒಂದೇ ಬೆಲೆ ಇಲ್ಲ. 40-0 ಇದ್ದಾಗ ಹೋದ ಪಾಯಿಂಟ್ ಬರೀ ಒಂದು ಪಾಯಿಂಟ್. 30-40 ಇದ್ದಾಗ ಹೋದರೆ ಗೇಮೇ ಹೋಯಿತು. 2019ರ ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ 218 ಪಾಯಿಂಟ್ ಗೆದ್ದ, ನೊವಾಕ್ ಜೊಕೊವಿಚ್ 204. ಹದಿನಾಲ್ಕು ಪಾಯಿಂಟ್ ಜಾಸ್ತಿ ಗೆದ್ದವನು ಸೋತ. ಐದನೇ ಸೆಟ್‌ನಲ್ಲಿ 8-7, 40-15, ಸರ್ವ್ ಫೆಡರರ್‌ದೇ, ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಅವನ ಕೈಯಲ್ಲಿದ್ದವು. ಎರಡೂ ಹೋದವು. ಮೂರು ಟೈಬ್ರೇಕ್ ಆದವು, ಮೂರನ್ನೂ ಜೊಕೊವಿಚ್ ಗೆದ್ದ. ಲೆಕ್ಕದಲ್ಲಿ ಹಿಂದೆ, ಬೇಕಾದ ಜಾಗದಲ್ಲಿ ಮುಂದೆ.

ಹಾಗಾದರೆ ಬೇಕಾದ ಜಾಗ ಯಾವುದು? ಬ್ರೇಕ್ ಪಾಯಿಂಟ್ ಎಲ್ಲರಿಗೂ ಗೊತ್ತು, ಕಾಮೆಂಟೇಟರ್ ಕೂಗಿ ಹೇಳುತ್ತಾರೆ. ನೀವು ಅದಕ್ಕೆ ಒಂದು ಹೆಜ್ಜೆ ಮೊದಲೇ ಸಿದ್ಧರಾಗಬೇಕು. 30-30 ನೋಡಿ. ಅದು ಹೆಸರು ಬೇರೆ ಇರುವ ಡ್ಯೂಸ್ (40-40), ಇಬ್ಬರಿಗೂ ಗೇಮ್ ಗೆಲ್ಲಲು ಸಾಲಾಗಿ ಎರಡು ಪಾಯಿಂಟ್ ಸಾಕು. ಹಾಗೇ 15-30. ಸರ್ವ್ ಮಾಡುವವರು ಒಂದು ತಪ್ಪು ಮಾಡಿದರೆ 15-40, ಎರಡು ಬ್ರೇಕ್ ಪಾಯಿಂಟ್. ನನ್ನ ಪ್ರಕಾರ ಗೇಮ್‌ನಲ್ಲಿ ಅತಿ ಬಿಗಿಯಾದ ಪಾಯಿಂಟ್ ಅದೇ. 15-30ಕ್ಕೆ ಬಂದರೆ ಕೈಯಲ್ಲಿರುವ ಫೋನ್ ಪಕ್ಕಕ್ಕಿಡಿ.

ಆಮೇಲೆ ಸರ್ವ್ ಮಾಡುವವರು ಎಲ್ಲಿ ನಿಂತಿದ್ದಾರೆ ನೋಡಿ. ಗೇಮ್‌ನ ಮೊದಲ ಪಾಯಿಂಟ್ ಅವರ ಬಲಗಡೆಯಿಂದ, ಎರಡನೆಯದು ಎಡಗಡೆಯಿಂದ, ಹೀಗೆ ಬದಲಾಗುತ್ತಾ ಹೋಗುತ್ತದೆ. ಬೆರಳಲ್ಲಿ ಎಣಿಸಿ ನೋಡಿ: 40-30, 30-40, ಡ್ಯೂಸ್ ಆದ ಮೇಲಿನ ಅಡ್ವಾಂಟೇಜ್ (ಒಬ್ಬರಿಗೆ ಗೇಮ್ ಇನ್ನೊಂದೇ ಪಾಯಿಂಟ್ ದೂರ), ಎಲ್ಲವೂ ಎಡಗಡೆಯಿಂದಲೇ ಬರುತ್ತವೆ. ಅಂದರೆ ಗೇಮ್ ತೀರ್ಮಾನವಾಗುವ ಪಾಯಿಂಟ್‌ಗಳಲ್ಲಿ ಹೆಚ್ಚಿನವು ಎಡಗಡೆಯಲ್ಲಿ. ಎಡಗೈ ಆಟಗಾರರು ಅಲ್ಲಿಂದ ಹೊರಗಡೆಗೆ ತಿರುಗಿಸಿ ಸರ್ವ್ ಮಾಡಿದರೆ ಚೆಂಡು ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್‌ನಿಂದಲೂ ಆಚೆಗೆ ಓಡುತ್ತದೆ, ರಿಟರ್ನ್ ಮಾಡಲು ಅವರು ಕೋರ್ಟ್ ಬಿಟ್ಟು ಹೊರಗೆ ಹೋಗಬೇಕು, ಒಳಗೆಲ್ಲ ಖಾಲಿ. ರಫೆಲ್ ನಡಾಲ್ ವರ್ಷಗಟ್ಟಲೆ ಫೆಡರರ್‌ಗೆ ಮಾಡಿದ್ದು ಇದನ್ನೇ. ಇದು ಗೊತ್ತಾದ ಮೇಲೆ ನಾನು ಟೆನಿಸ್ ನೋಡುವ ರೀತಿಯೇ ಬದಲಾಯಿತು.

ಮೊದಲ ಸರ್ವ್ ನೆಟ್‌ಗೆ ಬಿದ್ದಾಗ ಹೆಚ್ಚಿನವರು ಕಣ್ಣು ಆಚೆ ತೆಗೆಯುತ್ತಾರೆ. ನೀವು ಆಗಲೇ ಕಣ್ಣು ನೆಡಬೇಕು. ಆಟಗಾರರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ಎರಡನೇ ಸರ್ವ್ ಹೇಳಿಬಿಡುತ್ತದೆ. ಭಯ ಬಂದರೆ ಕೈ ಹಿಡಿದುಕೊಳ್ಳುತ್ತದೆ, ಚೆಂಡು ಸರ್ವಿಸ್ ಬಾಕ್ಸ್‌ನ ಮಧ್ಯಕ್ಕೆ ಮೆತ್ತಗೆ ಬೀಳುತ್ತದೆ, ಎದುರಿನವರು ಎರಡು ಹೆಜ್ಜೆ ಮುಂದೆ ಬಂದು ಹೊಡೆಯುತ್ತಾರೆ. ಇಲ್ಲದಿದ್ದರೆ ಡಬಲ್ ಫಾಲ್ಟ್, ಎರಡನೇ ಸರ್ವ್ ಕೂಡ ತಪ್ಪಿ ಪಾಯಿಂಟೇ ಹೋಗುತ್ತದೆ. 2008ರ ವಿಂಬಲ್ಡನ್ ಫೈನಲ್‌ನ ನಾಲ್ಕನೇ ಸೆಟ್ ಟೈಬ್ರೇಕ್‌ನಲ್ಲಿ ನಡಾಲ್ 5-2 ಮುಂದಿದ್ದ, ಎರಡು ಸರ್ವ್ ಅವನದೇ. ಅವನ ಮೊದಲ ವಿಂಬಲ್ಡನ್ ಪ್ರಶಸ್ತಿ ಇನ್ನು ಎರಡೇ ಪಾಯಿಂಟ್ ದೂರ. ಆಗ ಡಬಲ್ ಫಾಲ್ಟ್ ಮಾಡಿದ. ನಡಾಲ್ ಅಂಥವನಿಗೂ ಕೈ ನಡುಗಿತು ಅಂದರೆ ಆ ಜಾಗ ಎಷ್ಟು ಕಷ್ಟದ್ದು ಯೋಚಿಸಿ. ಫೆಡರರ್ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಉಳಿಸಿಕೊಂಡು ಆ ಸೆಟ್ ಗೆದ್ದ. ಮಳೆಗೆ ನಿಂತು, ಮತ್ತೆ ಶುರುವಾಗಿ, ಕತ್ತಲಾಗುತ್ತಾ ಬಂದ ಹೊತ್ತಿಗೆ ನಡಾಲ್ ಐದನೇ ಸೆಟ್ 9-7ರಿಂದ ಗೆದ್ದ.

ಸೆಟ್‌ನ ಸ್ಕೋರ್ ನೋಡಿ ಮೋಸ ಹೋಗಬೇಡಿ. 2023ರ ವಿಂಬಲ್ಡನ್ ಫೈನಲ್‌ನ ಮೂರನೇ ಸೆಟ್ ಅಲ್ಕರಾಜ್ ಪರ 6-1. ಪೇಪರ್‌ನಲ್ಲಿ ಓದಿದವರಿಗೆ ಜೊಕೊವಿಚ್ ಆಡಲೇ ಇಲ್ಲ ಅನ್ನಿಸಬೇಕು. ಆದರೆ ಆ ಸೆಟ್‌ನಲ್ಲಿ ಒಂದೇ ಗೇಮ್ 26 ನಿಮಿಷ ನಡೆಯಿತು, ಹದಿಮೂರು ಸಲ ಡ್ಯೂಸ್. ಜೊಕೊವಿಚ್ ಸರ್ವ್, ಅವನು 1-3 ಹಿಂದೆ. ಅಲ್ಲಿ ಅವನು ಗೆದ್ದಿದ್ದರೆ 2-3 ಆಗುತ್ತಿತ್ತು, ಸೆಟ್ ಬೇರೆಯೇ ಆಗಬಹುದಿತ್ತು. ಇಂಥ ಗೇಮ್ ಬಂದಾಗ ಎದ್ದು ನೀರು ಕುಡಿಯಲು ಹೋದವರು ಪಂದ್ಯದ ತಿರುವನ್ನೇ ಬಿಟ್ಟ ಹಾಗೆ.

ಇನ್ನು ಕೆಲವು ಪಾಯಿಂಟ್‌ಗಳಿಗೆ ಯಾರೂ ಹೆಸರಿಟ್ಟಿಲ್ಲ. ನಿಜವಾದ ಮ್ಯಾಚ್ ಪಾಯಿಂಟ್ ಅಲ್ಲ, ಆದರೆ ಅಷ್ಟೇ ತೂಕ. 2022ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಡೇನಿಯಲ್ ಮೆಡ್ವೆಡೆವ್ ಎರಡು ಸೆಟ್ ಮುಂದೆ, ಮೂರನೇ ಸೆಟ್‌ನಲ್ಲಿ 3-2 ಮುಂದೆ, ನಡಾಲ್ ಸರ್ವ್‌ನಲ್ಲಿ 0-40. ಅಲ್ಲಿ ಬ್ರೇಕ್ ಆಗಿದ್ದರೆ ಕಥೆ ಬಹುತೇಕ ಮುಗಿಯುತ್ತಿತ್ತು. ನಡಾಲ್ ಆ ಗೇಮ್ ಉಳಿಸಿಕೊಂಡ. ಪಂದ್ಯ 5 ಗಂಟೆ 24 ನಿಮಿಷ ಹೋಯಿತು, ಗೆದ್ದವನು ಅವನೇ. ಇಂಥ ಜಾಗ ಬಂದಾಗ ಬೋರ್ಡ್‌ನಲ್ಲಿ ಏನೂ ಬರೆದಿರುವುದಿಲ್ಲ, ನೀವೇ ಗುರುತಿಸಬೇಕು.

ಟೈಬ್ರೇಕ್ ಬಂದಾಗ ಎಣಿಕೆ ತಪ್ಪುವುದು ಸಹಜ. ಮೊದಲು ಒಬ್ಬರು ಒಂದು ಸರ್ವ್ ಮಾಡುತ್ತಾರೆ, ಆಮೇಲೆ ಇಬ್ಬರೂ ಎರಡೆರಡು. ಆರು ಪಾಯಿಂಟ್‌ಗೊಮ್ಮೆ ಕೋರ್ಟ್ ಬದಲು. ಎದುರಿನವರ ಸರ್ವ್‌ನಲ್ಲಿ ಗೆದ್ದ ಪಾಯಿಂಟ್‌ಗೆ ಮಿನಿ ಬ್ರೇಕ್ ಅಂತಾರೆ. ಸ್ಕೋರ್ 4-3 ಅಂತ ಕಂಡಾಗ ಯಾರ ಮಿನಿ ಬ್ರೇಕ್ ಎಷ್ಟು ಅಂತ ಲೆಕ್ಕ ಇಟ್ಟುಕೊಳ್ಳಿ, ಯಾರು ನಿಜವಾಗಿ ಮುಂದಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಪಾಯಿಂಟ್ ಮಧ್ಯದ ಹೊತ್ತು

ಒಂದು ಪಾಯಿಂಟ್‌ನಿಂದ ಇನ್ನೊಂದಕ್ಕೆ 25 ಸೆಕೆಂಡ್ ಸಿಗುತ್ತದೆ. ಕೋರ್ಟ್ ಬದಲಿಸುವಾಗ 90 ಸೆಕೆಂಡ್, ಸೆಟ್ ಮುಗಿದಾಗ 120. ಒಟ್ಟು ಹೊತ್ತು ಲೆಕ್ಕ ಹಾಕಿದರೆ ಚೆಂಡು ಆಟದಲ್ಲಿರುವ ಸಮಯಕ್ಕಿಂತ ಇಲ್ಲದಿರುವ ಸಮಯವೇ ಜಾಸ್ತಿ. ಈ ಹೊತ್ತಿನಲ್ಲಿ ಫೋನ್ ನೋಡುವವರು ಅರ್ಧ ಪಂದ್ಯ ಬಿಡುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಟವೆಲ್ ಕಡೆಗೆ ಹೇಗೆ ನಡೆದರು, ಕಾಲು ಎಳೆಯುತ್ತಿದ್ದಾರಾ, ತಮ್ಮ ಕೋಚ್ ಕೂತ ಕಡೆ ಎಷ್ಟು ಸಲ ತಿರುಗಿ ನೋಡಿದರು, ಸರ್ವ್‌ಗೆ ಮೊದಲು ಚೆಂಡನ್ನು ಯಾವಾಗಲೂ ಪುಟಿಸುವಷ್ಟೇ ಸಲ ಪುಟಿಸುತ್ತಿದ್ದಾರಾ. ಐದಾರು ಗೇಮ್ ಗಮನಿಸಿದರೆ ಅವರ ಅಭ್ಯಾಸ ಗೊತ್ತಾಗುತ್ತದೆ. ಅದು ಬದಲಾದ ಗಳಿಗೆ ಏನೋ ಆಗುತ್ತಿದೆ ಅಂತಲೇ ಅರ್ಥ.

ಹೊಸ ಚೆಂಡು ಬರುವುದನ್ನೂ ನೋಡಿ. ಮೊದಲ ಸಲ ಏಳು ಗೇಮ್ ಆದ ಮೇಲೆ, ನಂತರ ಒಂಬತ್ತು ಗೇಮ್‌ಗೊಮ್ಮೆ ಬದಲಾಗುತ್ತದೆ. ಸರ್ವ್ ಮಾಡುವವರು ಚೆಂಡನ್ನು ಮೇಲೆತ್ತಿ ಎದುರಿನವರಿಗೆ ತೋರಿಸುತ್ತಾರೆ. ಹಳೆಯ ಚೆಂಡಿಗೆ ನಾರೆದ್ದು ನಿಧಾನವಾಗಿರುತ್ತದೆ, ಹೊಸದು ಸರ್ರನೆ ಹೋಗುತ್ತದೆ. ಬಿಗಿಯಾದ ಗೇಮ್‌ಗೆ ಹೊಸ ಚೆಂಡು ಸಿಕ್ಕರೆ ಸರ್ವ್ ಮಾಡುವವರಿಗೆ ಅದೇ ದೊಡ್ಡ ಸಹಾಯ.

ನಿಮಗೆ ಟೆನ್ಷನ್ ತಡೆಯಲಾಗದಿದ್ದರೆ ಈ ಹೊತ್ತಿನಲ್ಲೇ ಏನಾದರೂ ಮಾಡಿ. ಎದ್ದು ನಿಲ್ಲಿ, ನಾಲ್ಕು ಹೆಜ್ಜೆ ನಡೆಯಿರಿ, ಉದ್ದ ಉಸಿರು ಬಿಡಿ. ಕೋಣೆ ಬಿಟ್ಟು ಮಾತ್ರ ಹೋಗಬೇಡಿ. ಆ ಜೂನ್ ದಿನ ನಾನು ಬಾಗಿಲ ಹತ್ತಿರ ನಿಂತಿದ್ದರೂ ಸಾಕಿತ್ತು. ಈಗ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಮ್ಯಾಚ್ ಪಾಯಿಂಟ್ ಬಂದಾಗ "ಇದೊಂದು ನೋಡಿಬಿಡುತ್ತೇನೆ" ಅಂತ ಹೇಳಿಕೊಳ್ಳುತ್ತೇನೆ. ಮುಂದಿನದ್ದರ ಯೋಚನೆ ಬೇಡ, ಇದೊಂದು. ಆ ಪಾಯಿಂಟ್ ಉಳಿದರೆ ಮತ್ತೆ ಅದೇ ಮಾತು.

ಬರೀ ಸ್ಕೋರ್ ನೋಡಬೇಕಾಗಿ ಬಂದರೆ

ಎಲ್ಲ ಸಲವೂ ಟಿವಿ ಮುಂದೆ ಕೂರಲು ಆಗಲ್ಲ ಅಲ್ವಾ. ಪ್ರಯಾಣದಲ್ಲಿರುತ್ತೀರಿ, ಕೆಲಸದಲ್ಲಿರುತ್ತೀರಿ, ಫೋನ್‌ನಲ್ಲಿ ಅಂಕಿ ಮಾತ್ರ. ಇದು ಬೇರೆಯದೇ ರೀತಿಯ ರೋಮಾಂಚನ, ಕಡಿಮೆ ಅಂತ ತಿಳಿಯಬೇಡಿ. ಹೆಸರಿನ ಪಕ್ಕದ ಚಿಕ್ಕ ಚುಕ್ಕೆ ಯಾರು ಸರ್ವ್ ಮಾಡುತ್ತಿದ್ದಾರೆ ಅಂತ ಹೇಳುತ್ತದೆ, ಮೊದಲು ಅದನ್ನು ನೋಡಿ. ಅಂಕಿ ಬದಲಾಗುವ ವೇಗ ನೋಡಿ. 15, 30, 40 ಅಂತ ಟಕಟಕ ಓಡಿದರೆ ಸರ್ವ್ ಚೆನ್ನಾಗಿ ಬೀಳುತ್ತಿದೆ. ಒಂದೇ ಅಂಕಿ ತುಂಬಾ ಹೊತ್ತು ನಿಂತರೆ ಉದ್ದದ ರ‍್ಯಾಲಿ ನಡೆಯುತ್ತಿರಬಹುದು, ಇಲ್ಲಾ ಯಾರಿಗೋ ನೋವಾಗಿ ಫಿಸಿಯೊ ಬಂದಿರಬಹುದು. 40-40, ಅಡ್ವಾಂಟೇಜ್, ಮತ್ತೆ 40-40 ಅಂತ ತಿರುಗುತ್ತಿದ್ದರೆ ಇದ್ದ ಕೆಲಸ ಐದು ನಿಮಿಷ ನಿಲ್ಲಿಸಿ.

ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಪಂದ್ಯ ನೋಡುತ್ತಿದ್ದರೆ ಸ್ಕೋರ್ ಆ್ಯಪ್ ಮುಚ್ಚಿಬಿಡಿ, ನೋಟಿಫಿಕೇಷನ್ ಕೂಡ ಬೇಡ. ಅಂಪೈರ್ ತಮ್ಮ ಟ್ಯಾಬ್ಲೆಟ್‌ನಲ್ಲಿ ಪಾಯಿಂಟ್ ಒತ್ತಿದ ಕೂಡಲೇ ಸ್ಕೋರ್ ಹೊರಡುತ್ತದೆ, ಚಿತ್ರ ಮಾತ್ರ ಹಿಂದಿನಿಂದ ಬರುತ್ತದೆ. ಸರ್ವ್‌ಗೆ ಇನ್ನೂ ಚೆಂಡು ಪುಟಿಸುತ್ತಿರುವಾಗಲೇ ಫೋನ್ ಗುಂಯ್ ಅಂದು ಫಲಿತಾಂಶ ಹೇಳಿಬಿಟ್ಟರೆ ಆ ಪಾಯಿಂಟ್ ಸತ್ತಂತೆ. ಬೇರೆ ಊರಿನಲ್ಲಿರುವ ಗೆಳೆಯರ ಜೊತೆ ಮೆಸೇಜ್ ಮಾಡುತ್ತಾ ನೋಡುವವರು ಮೊದಲೇ ಮಾತಾಡಿಕೊಳ್ಳಿ: ಗೇಮ್ ಮುಗಿದ ಮೇಲಷ್ಟೇ ಬರೆಯುವುದು.

ಸ್ಟೇಡಿಯಂನಲ್ಲಿ ಕೂತಾಗ

ಆಗುವುದಾದರೆ ಬೇಸ್‌ಲೈನ್ (ಕೋರ್ಟ್‌ನ ತುದಿಯ ಗೆರೆ) ಹಿಂದಿನ ಸೀಟ್ ತಗೊಳ್ಳಿ. ಪಕ್ಕದ ಸೀಟ್‌ನಲ್ಲಿ ವೇಗ ಚೆನ್ನಾಗಿ ಕಾಣುತ್ತದೆ, ಆದರೆ ಕತ್ತು ಆಚೀಚೆ ತಿರುಗಿಸಿಯೇ ಸಾಕಾಗುತ್ತದೆ. ಹಿಂದಿನಿಂದ ನೋಡಿದರೆ ಚೆಂಡು ಹೇಗೆ ತಿರುಗಿತು, ಯಾವ ಕೋನ ಹುಡುಕಿದರು ಅನ್ನುವುದು ಕಾಣುತ್ತದೆ. ಹೆಚ್ಚಿನ ಕಡೆ ಓಡಾಡಲು ಬಿಡುವುದು ಕೋರ್ಟ್ ಬದಲಿಸುವಾಗ ಮಾತ್ರ. ಸೆಟ್‌ನ ಮೊದಲ ಗೇಮ್ ಆದ ಮೇಲೆ ಆಟಗಾರರು ಕೂರದೆ ನೇರ ಆಚೆ ಹೋಗುತ್ತಾರೆ, ಆಗ ಎದ್ದರೆ ವಾಪಸ್ ಬರಲು ಮುಂದಿನ ಎರಡು ಗೇಮ್ ಕಾಯಬೇಕಾದೀತು. ಮೂರನೆಯದೋ ಐದನೆಯದೋ ಗೇಮ್ ಮುಗಿದಾಗ ಎದ್ದು ಬೇಗ ಬನ್ನಿ.

ಸರ್ವ್‌ಗೆ ಮೊದಲು ಸಾವಿರಾರು ಜನ ಒಟ್ಟಿಗೆ ಸುಮ್ಮನಾಗುತ್ತಾರಲ್ಲ, ಆ ಮೌನ ಟಿವಿಯಲ್ಲಿ ಸಿಗುವುದಿಲ್ಲ. ದಯವಿಟ್ಟು ಅದನ್ನು ಕೆಡಿಸಬೇಡಿ. ಎದುರಾಳಿ ಡಬಲ್ ಫಾಲ್ಟ್ ಮಾಡಿದಾಗ ಚಪ್ಪಾಳೆ ಬೇಡ. ಒಳ್ಳೆಯ ಪಾಯಿಂಟ್‌ಗೆ, ಯಾರದ್ದೇ ಆಗಲಿ, ಕೈ ನೋಯುವಷ್ಟು ತಟ್ಟಿ.

ಮುಗಿದ ಮೇಲೆ ಮತ್ತು ತಪ್ಪಿಹೋದರೆ

ಕೊನೆಯ ಪಾಯಿಂಟ್ ಆದ ಕೂಡಲೇ ಎದ್ದು ಹೋಗಬೇಡಿ. ನೆಟ್ ಹತ್ತಿರ ಇಬ್ಬರೂ ಏನು ಮಾಡುತ್ತಾರೆ ನೋಡಿ. 2012ರ ಆಸ್ಟ್ರೇಲಿಯನ್ ಓಪನ್ ಫೈನಲ್ 5 ಗಂಟೆ 53 ನಿಮಿಷ ನಡೆಯಿತು. ಬಹುಮಾನ ಸಮಾರಂಭದ ಭಾಷಣ ನಡೆಯುವಾಗ ಜೊಕೊವಿಚ್‌ಗೂ ನಡಾಲ್‌ಗೂ ನಿಲ್ಲಲು ಆಗದೆ ಇಬ್ಬರಿಗೂ ಕುರ್ಚಿ ತಂದು ಹಾಕಿದರು. ಪಂದ್ಯ ಏನಾಗಿತ್ತು ಅಂತ ಯಾವ ಅಂಕಿಗಿಂತಲೂ ಆ ಎರಡು ಕುರ್ಚಿ ಚೆನ್ನಾಗಿ ಹೇಳಿದವು.

ಪಂದ್ಯ ತಪ್ಪಿಹೋಯಿತು, ರೆಕಾರ್ಡಿಂಗ್ ಸಿಕ್ಕಿದೆ ಅಂದರೆ ಫಲಿತಾಂಶ ತಿಳಿಯದ ಹಾಗೆ ನೋಡಬಹುದು, ಸ್ವಲ್ಪ ಹುಷಾರಾಗಿರಬೇಕು ಅಷ್ಟೆ. ವಿಡಿಯೊದ ಹೆಸರು, ಅದರ ಮೇಲಿನ ಚಿತ್ರ, ಎರಡೂ ಗುಟ್ಟು ಬಿಟ್ಟುಕೊಡುತ್ತವೆ. ಮನೆಯವರೊಬ್ಬರಿಗೆ ಹೇಳಿ ಅವರ ಕೈಯಲ್ಲಿ ಹಾಕಿಸಿ. ಎಲ್ಲಕ್ಕಿಂತ ದೊಡ್ಡ ಗುಟ್ಟು ವಿಡಿಯೊದ ಉದ್ದ. ಎರಡು ಸೆಟ್ ಮುಗಿದಿದೆ, ಒಬ್ಬರು 2-0 ಮುಂದಿದ್ದಾರೆ, ಕೆಳಗಿನ ಪಟ್ಟಿಯಲ್ಲಿ ಇನ್ನೂ ಮೂರು ಗಂಟೆ ಬಾಕಿ ಅಂತ ಕಂಡರೆ ಮುಂದೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಒಂದು ಕಾಗದದ ಚೂರು ತಗೊಂಡು ಪರದೆಯ ಕೆಳಭಾಗಕ್ಕೆ, ಆ ಪಟ್ಟಿ ಬರುವ ಜಾಗಕ್ಕೆ ಅಂಟಿಸಿಬಿಡಿ. ಸ್ಕೋರ್ ಮೂಲೆಯಲ್ಲಿ ಬರುತ್ತದೆ, ಅದು ಮುಚ್ಚದ ಹಾಗೆ ನೋಡಿಕೊಳ್ಳಿ.